ಗುಲಗಂಜಿಯ ಅಂಟು

16 ಜುಲೈ 2024, ಮಂಗಳವಾರ
ಹಾಸನ

ಮಳೆ ಬಿಡಲೇ ಇಲ್ಲ. ಬಂದ ಗಿರಾಕಿ ಒಬ್ಬರೇ, ಅದೂ ಕಾಲುಂಗುರ ಸಡಿಲ ಮಾಡಿಸಲು. ಮಾವ ಕಿಟಕಿಗೆ ಗೋಣಿಚೀಲ ಕಟ್ಟಿ, "ಇವತ್ತು ರವೆ ಕೂರಿಸೋಣ, ಆ ಹುಡುಗಿಯನ್ನೂ ಕರೆ" ಎಂದರು. ಬೆಳಕು ಹೆಚ್ಚಿದ್ದರೆ ಲೋಹ ಎಷ್ಟು ಕೆಂಪಾಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ರವೆಯೆಂದರೆ ಒಡವೆಯ ಮೇಲೆ ಕೂರಿಸುವ ಬಂಗಾರದ ಸಣ್ಣ ಕಾಳು. ಬಂಗಾರದ ತಂತಿಯನ್ನು ಚೂರು ಮಾಡಿ, ಇದ್ದಿಲ ಪುಡಿಯಲ್ಲಿ ಹುದುಗಿಸಿ ಮೂಸೆ ಕಾಯಿಸಿದರೆ ಚೂರುಗಳು ತಾವಾಗಿಯೇ ದುಂಡಗಾಗುತ್ತವೆ. ಅಷ್ಟನ್ನು ಕೆಲಸ ಕಲಿಯಲು ಬರುವ ಆ ಹುಡುಗಿಗೆ ನಾನೇ ಕಲಿಸಿದ್ದೆ. ಕಷ್ಟವೆಲ್ಲ ಆ ಕಾಳುಗಳನ್ನು ಕಿವಿಯೋಲೆಯ ತಗಡಿನ ಮೇಲೆ ನಿಲ್ಲಿಸುವುದರಲ್ಲಿ. ಬೆಸುಗೆ ಹಾಕಿದರೆ ಸಂದುಗಳು ತುಂಬಿ ಎಲ್ಲವೂ ಮುದ್ದೆಯಾಗುತ್ತದೆ. ಮಾವ ಗುಲಗಂಜಿಯನ್ನು ಬಿಳಿಗಾರದ ಜೊತೆ ನೀರು ಹಾಕಿ ತೇದರು, ಚಿಟಿಕೆ ತಾಮ್ರದ ಪುಡಿ ಬೆರೆಸಿದರು. (ಆ ಬೀಜ ಎಷ್ಟು ವಿಷವೆಂದರೆ, ಅಣ್ಣನ ಮಗು ಬರುವ ದಿನ ಡಬ್ಬಿಗೆ ಬೀಗ ಹಾಕುತ್ತೇನೆ.)

"ತಾತ, ಅಂಟು ಬೆಂಕಿಯಲ್ಲಿ ಸುಟ್ಟುಹೋಗುತ್ತದಲ್ಲ, ಆಮೇಲೆ ಕಾಳು ಯಾಕೆ ಉದುರುವುದಿಲ್ಲ?" ಎಂದು ಕೇಳಿದಳು ಹುಡುಗಿ.

ಇದನ್ನೇ ನಾನೂ ಒಮ್ಮೆ ಕೇಳಿದ್ದೆ. ಮಾವ ಊದುಕೊಳವೆಯನ್ನು ನನ್ನ ಕೈಗಿಟ್ಟು "ಊದು" ಎಂದಿದ್ದರು. ಇವತ್ತೂ ಅದನ್ನೇ ಹೇಳಿದರು. ಆದರೆ ಇವಳು ರಸಾಯನಶಾಸ್ತ್ರ ಓದಿದವಳು, ಸುಮ್ಮನಿರಲಿಲ್ಲ. ಸ್ವಲ್ಪ ಯೋಚಿಸಿ ತಾನೇ ಶುರುಮಾಡಿದಳು: ಅಂಟು ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲು ತಾಮ್ರಕ್ಕೆ ಹಿಡಿದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಶುದ್ಧ ಬಂಗಾರ ಕರಗಲು 1064 ಡಿಗ್ರಿ ಬೇಕು, ತಾಮ್ರಕ್ಕೆ 1085. ಎರಡೂ ಬೆರೆತ ಜಾಗ ಮಾತ್ರ 900ರ ಆಸುಪಾಸಿನಲ್ಲೇ ಕರಗುತ್ತದೆ. ಕಾಳು ತಗಡನ್ನು ಮುಟ್ಟುವುದು ಅಲ್ಲೇ ತಾನೆ? ಮೊಬೈಲ್ ತೆಗೆದು ಹುಡುಕಿದಳು. ಇಂಗ್ಲೆಂಡಿನ ಲಿಟಲ್‌ಡೇಲ್ ಎಂಬವರು 1933ರಲ್ಲಿ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರಂತೆ.

"ಗುಲಗಂಜಿಗೂ ಸೇರಿಸಿ ಪಡೆದರೇನು?" ಎಂದರು ಮಾವ.

ನಕ್ಕೆವು. ಅವರು ನಗಲಿಲ್ಲ. ಕಾಳುಗಳು ಕೂತವು, ಒಂದು ಕ್ಷಣ ಮೈಮೇಲೆ ಹೊಳಪು ಹರಿಯಿತು, ಜ್ವಾಲೆ ಪಕ್ಕಕ್ಕೆ ಸರಿಯಿತು. ಆ ಕ್ಷಣವನ್ನು ಅವಳು ನೋಡಿದಳೋ, ಮೊಬೈಲನ್ನೇ ನೋಡುತ್ತಿದ್ದಳೋ!

ಈ ಓಲೆಯನ್ನು ಕೊಳ್ಳುವವರು ಯಾರು ಎಂದು ಮಾತ್ರ ಕೇಳಬೇಡಿ. ಅಂಗಡಿಗಳಿಗೆ ಅಚ್ಚಿನಲ್ಲಿ ಎರಕ ಹೊಯ್ದ ಮಾಲೇ ಸಾಕು. ಬೇಲೂರಿನಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆದು ಹೋದ. ಮಾವ ಮಾಡಿದ ಯಾವ ಒಡವೆಯ ಮೇಲೂ ಅವರ ಹೆಸರಿಲ್ಲ. ಈಗೀಗ ಶುದ್ಧತೆಯ 916ರ ಪಕ್ಕದಲ್ಲಿ ಎಚ್‌ಯುಐಡಿಯ, ಅಂದರೆ ಒಡವೆಯ ಗುರುತಿನ ಸಂಕೇತದ, ಆರು ಅಕ್ಷರ-ಅಂಕಿಗಳಿರುತ್ತವೆ, ಅಷ್ಟೆ. ಇವಳೂ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾಳೆ, ಹಾಸನಾಂಬೆಯ ಬಾಗಿಲು ತೆರೆಯುವವರೆಗೂ ಇಲ್ಲಿರುತ್ತಾಳೆಂಬ ನಂಬಿಕೆ ನನಗಿಲ್ಲ.

ಅವಳು ಹೋದ ಮೇಲೆ ಮಾವ ಗೋಣಿಚೀಲ ಬಿಚ್ಚುತ್ತಾ, "ಇದ್ದಿಲಿನ ವಿಷಯ ಇನ್ನೊಮ್ಮೆ ಹೇಳು" ಎಂದರು. ನನಗೆ ಅರ್ಥವಾದಷ್ಟು ಹೇಳಿದೆ. ಬಹಳ ಹೊತ್ತು ಅರ ಒರೆಸುತ್ತಾ ಕೂತರು.

"ಗುಲಗಂಜಿ ಸಿಗದಿದ್ದಾಗ ನನ್ನಪ್ಪ ಹುಣಸೆಬೀಜದ ಅಂಟು ಹಾಕುತ್ತಿದ್ದರು. ಹಾಗಾದರೆ ಅದೂ ಇದ್ದಿಲಾಗಿಯೇ..."

ಆಗಲೇಬೇಕಲ್ಲ. ಹಾಗಿದ್ದರೆ ಮೈದಾ ಗೋಂದೂ ನಡೆಯಬೇಕು. ಬಂಗಾರ ಬೇಡ, ಮೊದಲು ಬೆಳ್ಳಿಯ ಚೂರಿನ ಮೇಲೆ ನೋಡೋಣ. ಆದರೆ ಬೆಳ್ಳಿ 962ಕ್ಕೇ ಕರಗುತ್ತದೆ, ತಾಮ್ರದ ಜೊತೆ ಇನ್ನೂ ಬೇಗ, ಜ್ವಾಲೆಯನ್ನು ಅಷ್ಟು ಹೊತ್ತು ಹಿಡಿಯುವಂತಿಲ್ಲ.