ತೊಗಟೆ ಕೊಟ್ಟು ಬದುಕುವ ಮರ

ಈ ಸಲ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಚಾಕ್ಲೇಟಿನ ಜೊತೆ ಒಂದು ತುಂಡು ತೊಗಟೆಯನ್ನೂ ಇಟ್ಟುಕೊಂಡು ಹೋಗಿದ್ದೆ. ನಾನೀಗ ಇರುವ ಪೋರ್ಚುಗಲ್‌ನ ಲಿಸ್ಬನ್‌ನ ಅಂಗಡಿಯಲ್ಲಿ ಕೊಂಡದ್ದು. ಅಂಗೈಯಷ್ಟು ಅಗಲ, ಎರಡು ಬೆರಳು ದಪ್ಪ. ಸಂತೆಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಕೂತು ದೊಡ್ಡಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಎಂತದ್ದು ಮಾರಾಯ್ತಿ ಇದು? ಭಾರವೇ ಇಲ್ಲ."

ಹೆಬ್ಬೆರಳಿನಿಂದ ಒತ್ತಿದರು. ಸ್ವಲ್ಪ ತಗ್ಗಿತು, ಬೆರಳು ತೆಗೆದ ಮೇಲೆ ಮೆಲ್ಲಗೆ ಮೊದಲಿನ ಹಾಗೆ ಆಯಿತು. "ಬೆಂಡಲ್ವಾ? ಬಲೆಗೆ ಕಟ್ಟುವ ಹಾಗಿನ ಬೆಂಡು?"

ಸರಿಯಾಗಿಯೇ ಹೇಳಿದರು. ಮಲ್ಪೆಯಲ್ಲಿ ಈಗ ಬಲೆಗೆ ಪ್ಲಾಸ್ಟಿಕ್ ಬೆಂಡು. ಪೋರ್ಚುಗಲ್‌ನ ಮೀನುಗಾರರು ಹಿಂದೆ ಇದನ್ನೇ ಕಟ್ಟುತ್ತಿದ್ದರು. ವೈನ್ ಬಾಟಲಿಯ ಬಾಯಿಗೆ ಹಾಕುವ ಬಿರಡೆಯೂ ಇದೇ. ಕಾರ್ಕ್ ಅಂದರೆ ಇದು, ಒಂದು ಜಾತಿಯ ಓಕ್ ಮರದ ತೊಗಟೆ.

ತೊಗಟೆ ಅಂದ ಕೂಡಲೇ ದೊಡ್ಡಪ್ಪನ ಮುಖ ಬದಲಾಯಿತು. ನಮ್ಮ ಕಡೆ ಮರವನ್ನು ಕೊಲ್ಲಬೇಕಾದರೆ ಬುಡದ ಸುತ್ತ ತೊಗಟೆ ಕೆತ್ತಿ ಬಿಡುತ್ತಾರೆ, ನಿಮಗೆ ಗೊತ್ತಲ್ವಾ. "ಹಾಗಾದ್ರೆ ಒಂದು ಬಾಟಲಿಗೋಸ್ಕರ ಮರ ಸಾಯ್ಬೇಕಾ?" ಅಂತ ಕೇಳಿದರು. ಪೋರ್ಚುಗಲ್‌ಗೆ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. 2024ರ ಜೂನ್‌ನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಮನಸ್ಸಿಗೆ ಸಮಾಧಾನ ಆದದ್ದು.

ಲಿಸ್ಬನ್‌ನಿಂದ ಸುಮಾರು 80 ಕಿ.ಮೀ. ದೂರದಲ್ಲಿ ಕುರೂಶ್ ಅಂತ ಊರು. ಸುತ್ತಮುತ್ತ ಕಾರ್ಕ್ ಮರಗಳದ್ದೇ ಬಯಲು. ನಮ್ಮ ಘಟ್ಟದ ಹಾಗೆ ದಟ್ಟ ಕಾಡಲ್ಲ. ಮರದಿಂದ ಮರಕ್ಕೆ ದೂರ, ನಡುವೆ ಒಣ ಹುಲ್ಲು, ಹುಲ್ಲಿನಲ್ಲಿ ಕುರಿಗಳು. ಅಲ್ಲಿನವರು ಇದನ್ನು ಮೊಂತಾದು ಅನ್ನುತ್ತಾರೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕೆಲಸ ಶುರುವಾಗಿತ್ತು. ಒಂದು ಮರಕ್ಕೆ ಇಬ್ಬರು. ಒಬ್ಬರು ಕೊಡಲಿಯಿಂದ ಉದ್ದಕ್ಕೆ ಒಂದು ಗೀರು ಹಾಕಿದರು. ಆಮೇಲೆ ಕೊಡಲಿಯ ಬಾಯನ್ನು ಆ ಸೀಳಿನಲ್ಲೇ ತಿರುಗಿಸಿ, ಸದ್ದಿಗೆ ಕಿವಿಗೊಟ್ಟರು. ಪೊಳ್ಳು ಸದ್ದು ಬಂದರೆ ತೊಗಟೆ ಸುಲಭದಲ್ಲಿ ಬಿಡುತ್ತದೆ. ಕೊಡಲಿಯ ಹಿಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿರುತ್ತಾರೆ. ಅದನ್ನು ಒಳಗೆ ತೂರಿಸಿ ಮೀಟಿದರು. ಬಾಗಿಲಷ್ಟು ಎತ್ತರದ ಹಲಗೆಯೇ ಪರ್ರ್ ಅಂತ ಸೀಳಿಕೊಂಡು ಕೈಗೆ ಬಂತು. ಒಳಗಿನ ಮರ ತಿಳಿ ಹಳದಿ ಬಣ್ಣ, ಮುಟ್ಟಿದರೆ ತಂಪು, ಸ್ವಲ್ಪ ಪಸೆ. ಕೊನೆಗೆ ಬಿಳಿ ಬಣ್ಣದಲ್ಲಿ ಕಾಂಡದ ಮೇಲೆ 4 ಅಂತ ಬರೆದರು. 2024ರ 4. ಇನ್ನು 2033ರವರೆಗೆ ಆ ಮರದ ತೊಗಟೆ ಯಾರೂ ಮುಟ್ಟುವ ಹಾಗಿಲ್ಲ. ಎರಡು ಸುಲಿತದ ನಡುವೆ 9 ವರ್ಷ ಕಾಯಬೇಕು ಅನ್ನುವುದು ಅಲ್ಲಿನ ಕಾನೂನು.

ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಬೇಗ ಅರ್ಥವಾಯಿತು. ಕಾರ್ಕಳದ ಹತ್ತಿರ ಅವರಿಗೆ ಸ್ವಲ್ಪ ರಬ್ಬರ್ ಉಂಟು. "ಟ್ಯಾಪಿಂಗ್ ಹಾಗೇ. ಚೂರಿ ಒಳಗಿನ ಪದರಕ್ಕೆ ತಾಗ್ಲಿಕ್ಕಿಲ್ಲ. ತಾಗಿದ್ರೆ ಮರ ಹಾಳು" ಅಂದರು. ಕಾರ್ಕ್ ಮರದಲ್ಲಿಯೂ ತೆಗೆಯುವುದು ಹೊರಗಿನ ಸತ್ತ ಪದರ ಮಾತ್ರ. ಒಳಗಿನ ಜೀವಂತ ಪದರಕ್ಕೆ ಗಾಯ ಆಗದಿದ್ದರೆ ಅದೇ ಮತ್ತೆ ಹೊಸ ಕಾರ್ಕ್ ಬೆಳೆಸುತ್ತದೆ. ಹಾಗಾಗಿಯೇ ಕೊಡಲಿ ಹಿಡಿಯುವವರಿಗೆ ಅಷ್ಟು ಬೆಲೆ.

ಕಾಯುವ ಲೆಕ್ಕ ಕೇಳಿ ಮಾತ್ರ ಅವರಿಗೆ ಆಶ್ಚರ್ಯ. ರಬ್ಬರಿಗೆ ಏಳು ವರ್ಷ ಕಾದವರು ಅವರು. ಇದಕ್ಕೆ ಮೊದಲ ಸುಲಿತವೇ ಸುಮಾರು 25 ವರ್ಷಕ್ಕೆ. ಆ ತೊಗಟೆ ಒರಟು, ಬಿರಡೆಗೆ ಆಗುವುದಿಲ್ಲ. ಎರಡನೆಯದ್ದೂ ಅಷ್ಟಕ್ಕಷ್ಟೇ. ಮೂರನೆಯದ್ದು, ಅಂದರೆ ಮರಕ್ಕೆ 43 ವರ್ಷ ಆದಾಗ, ಒಳ್ಳೆ ಬಿರಡೆ ಸಿಗುತ್ತದೆ. ಮರ ಒಟ್ಟು ಸುಮಾರು 200 ವರ್ಷ ಬಾಳುತ್ತದೆ. ಆಗುಶ್ ದ ಮೌರ ಅನ್ನುವ ಊರಿನಲ್ಲಿ 1783ರಲ್ಲಿ ನೆಟ್ಟ ಮರ ಈಗಲೂ ಉಂಟು. 2009ರಲ್ಲಿ ಅದೊಂದರಿಂದಲೇ 825 ಕಿಲೋ ಕಾರ್ಕ್ ಸಿಕ್ಕಿತ್ತು. ಹಕ್ಕಿಗಳ ಗಲಾಟೆಯಿಂದಾಗಿ ಅದಕ್ಕೆ ಸಿಳ್ಳೆ ಮರ ಅಂತಲೇ ಹೆಸರು.

ಜಗತ್ತಿನ ಕಾರ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪೋರ್ಚುಗಲ್‌ನದ್ದು. ಅದರಿಂದ ಬರುವ ಹಣದಲ್ಲಿ ದೊಡ್ಡ ಪಾಲು ವೈನ್ ಬಿರಡೆಯಿಂದ. ಹಾಗಾಗಿ ಬಿರಡೆಗೆ ಬೆಲೆ ಬಿದ್ದರೆ ಆ ಬಯಲಿಗೇ ಕುತ್ತು. ಒಮ್ಮೆ ಹಾಗೇ ಆಗಿತ್ತು. ಕೆಲವು ಬಿರಡೆಗಳಲ್ಲಿ ಟಿಸಿಎ ಅನ್ನುವ ರಾಸಾಯನಿಕ ಸೇರಿಕೊಂಡು ವೈನ್ ಕೆಡುತ್ತಿತ್ತು. ಅದರ ವಾಸನೆ ಹೇಗೆ ಗೊತ್ತುಂಟಾ? ಆಟಿ ತಿಂಗಳ ಮಳೆಯಲ್ಲಿ ಕಪಾಟಿನ ತಳಕ್ಕೆ ಹಾಸಿದ ಹಳೆ ಪೇಪರ್ ಒದ್ದೆಯಾದಾಗ ಬರುತ್ತದಲ್ವಾ, ಅದೇ. ಬೇಸತ್ತ ವೈನ್‌ನವರು ಪ್ಲಾಸ್ಟಿಕ್ ಬಿರಡೆಗೆ, ತಿರುಪು ಮುಚ್ಚಳಕ್ಕೆ ಹೋದರು. ಕಾರ್ಕ್ ಬೇಡ ಅಂದರೆ ಕಾಡು ಉಳಿಯುವುದಿಲ್ಲ ಅಂತ 2006ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಅನ್ನುವ ಪರಿಸರ ಸಂಸ್ಥೆ ಎಚ್ಚರಿಸಿತು. ಕಾರ್ಖಾನೆಯವರೂ ತೊಗಟೆ ಬೇಯಿಸುವ, ತೊಳೆಯುವ, ಪರೀಕ್ಷೆ ಮಾಡುವ ಕ್ರಮಗಳನ್ನು ಸುಧಾರಿಸಿದರು. ನನಗೆ ಆ ಎಚ್ಚರಿಕೆ ನಿಜ ಅನ್ನಿಸುತ್ತದೆ. ನಮ್ಮಲ್ಲಿ ಗುಡ್ಡೆಗೆ ಅಕೇಶಿಯಾ ನೆಟ್ಟ ಹಾಗೆ ಇಲ್ಲಿ ನೀಲಗಿರಿ ಬಹಳ ಉಂಟು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ನೀಲಗಿರಿ ತೋಪು ಧಗಧಗ ಉರಿಯುತ್ತದೆ. ಕಾರ್ಕ್ ಮರಕ್ಕೆ ಆ ತೊಗಟೆಯೇ ರಕ್ಷೆ, ಬೆಂಕಿ ದಾಟಿಯೂ ಅದು ಚಿಗುರುತ್ತದೆ.

ಇನ್ನು ಬಳಸಿದ ಬಿರಡೆಯ ವಿಷಯ. ಇಲ್ಲಿಗೆ ಬಂದ ಮೊದಲ ವರ್ಷ ಒಂದು ಊಟದ ಮನೆಯಲ್ಲಿ ಮೇಜು ಒರೆಸುವಾಗ ಬಿರಡೆಗಳನ್ನು ಕಸಕ್ಕೆ ಹಾಕಿದ್ದೆ. ಮನೆಯ ಅಜ್ಜಿ ಬಗ್ಗಿ ಒಂದೊಂದನ್ನೇ ಹೆಕ್ಕಿ, ತೊಳೆದು, ಬಟ್ಟೆ ಚೀಲಕ್ಕೆ ಹಾಕಿದರು. ಬೈಯಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ಸೂಪರ್‌ಮಾರ್ಕೆಟ್‌ನ ಡಬ್ಬಿಗೆ ಸುರಿದು ಬಂದರು. ಕ್ವೆರ್ಕುಶ್ ಅನ್ನುವ ಪರಿಸರ ಸಂಘಟನೆ 2008ರಿಂದ ಹೀಗೆ ಬಿರಡೆ ಒಟ್ಟು ಮಾಡಿಸಿ, ಬಂದ ಹಣದಲ್ಲಿ ಅಲ್ಲಿನದ್ದೇ ಜಾತಿಯ ಮರಗಳನ್ನು ನೆಡಿಸುತ್ತದೆ. ಹಳೆ ಬಿರಡೆ ಮತ್ತೆ ಬಾಟಲಿಗೆ ಹೋಗುವುದಿಲ್ಲ. ಅದನ್ನು ಪುಡಿ ಮಾಡಿ, ಒತ್ತಿ, ನೆಲದ ಹಾಸು, ಗೋಡೆಯ ಹಲಗೆ, ಚಪ್ಪಲಿಯ ಅಟ್ಟೆ ಮಾಡುತ್ತಾರೆ. ಕಾರ್ಕ್ ಅಷ್ಟು ಹಗುರ ಇರುವುದಕ್ಕೆ, ಒತ್ತಿದರೂ ಮತ್ತೆ ಮೊದಲಿನ ಹಾಗೆ ಆಗುವುದಕ್ಕೆ ಕಾರಣ ಅದರ ಒಳಗಿನ ಗೂಡು. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 4 ಕೋಟಿ ಗೂಡು, ಎಲ್ಲದರಲ್ಲೂ ಗಾಳಿ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೆಲ್' ಅಂತ ಹೆಸರಿಟ್ಟದ್ದು ಇದೇ ಗೂಡಿಗೆ. ಶಾಲೆಯಲ್ಲಿ ಜೀವಕೋಶದ ಪಾಠ ಬಾಯಿಪಾಠ ಮಾಡಿದ್ದೆವಲ್ಲ, ಆ ಪಾಠ ಹುಟ್ಟಿದ್ದು ಈ ತೊಗಟೆಯಿಂದ.

ನಾನು ಹೊರಡುವ ಮೊದಲು ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು, ನಾವು ಬಾಯಿ ಅಂತ ಕರೆಯುವವರು, ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿ ಕೊಡಲಿಕ್ಕೆ ಬಂದಿದ್ದರು. ಕಲ್ಯಾಣಪುರದ ಕಡೆ ಕ್ರಿಸ್ಮಸ್ ಅಂದರೆ ಮನೆಯಲ್ಲೇ ಭರಣಿಯಲ್ಲಿ ಹಾಕಿದ ದ್ರಾಕ್ಷಿ ವೈನ್ ಇರಲೇಬೇಕು. ಅದನ್ನು ತುಂಬಿಸಲಿಕ್ಕೆ ಅವರು ವರ್ಷವಿಡೀ ಹಳೆ ಬಾಟಲಿ ಜೋಪಾನ ಮಾಡುತ್ತಾರೆ. ಗಲ್ಫಿನಿಂದ ಬಂದ ಮಗ, ಅಳಿಯ ತಂದ ಬಾಟಲಿಗಳು. ಬಿರಡೆ? "ಅದು ತೆರೆಯುವಾಗಲೇ ಎಸೆಯುದು" ಅಂದರು. ಅವರಿಗೂ ಅಮ್ಮನಿಗೂ ನಿಜವಾದ ಕಾರ್ಕ್ ಗುರುತಿಸುವುದು ತೋರಿಸಿಕೊಟ್ಟೆ. ಮೈಮೇಲೆ ಸಣ್ಣ ಸಣ್ಣ ಕಂದು ಗೀರು, ತೂತು ಇದ್ದರೆ ಮರದ್ದು. ಸುತ್ತಲೂ ಒಂದೇ ನಯ, ಒಂದೇ ಬಣ್ಣ ಇದ್ದರೆ ಪ್ಲಾಸ್ಟಿಕ್. ಅದನ್ನು ಇದರ ಜೊತೆ ಬೆರೆಸಬಾರದು.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ಬಾಯಿ ಒಂದು ಡಬ್ಬಿ ತಂದು ಕೊಟ್ಟಿದ್ದಾರಂತೆ. ಇಬ್ಬರೂ ಕೂತು ವಿಂಗಡಿಸಿದ್ದಾರೆ. ಒಟ್ಟು ಹತ್ತೊಂಬತ್ತು, ಅದರಲ್ಲಿ ಏಳು ಪ್ಲಾಸ್ಟಿಕ್. ಒಂದರ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನ, ಫೋಟೋ ಕಳಿಸಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಗೀರು ಕಾಣುತ್ತದೆ, ಮರದ್ದೇ.