ನೀರು ತುಂಬುವ ಹಬ್ಬದ ಮರುದಿನ

31 ಅಕ್ಟೋಬರ್ 2024, ಗುರುವಾರ
ಟ್ಯಾಮ್‌ವರ್ತ್ ಹತ್ತಿರ, ನ್ಯೂ ಸೌತ್ ವೇಲ್ಸ್

ಇವತ್ತು ನರಕ ಚತುರ್ದಶಿ. ತಲೆಗೆ ಎಣ್ಣೆ ಇಡುವವರು ಯಾರೂ ಇಲ್ಲದೆ ನಾನೇ ಹಚ್ಚಿಕೊಂಡು ಮಿಂದೆ. ನಿನ್ನೆ ರಾತ್ರಿ ಇಲ್ಲಿ ಹನ್ನೊಂದೂವರೆ, ಮಂಡ್ಯದಲ್ಲಿ ದೀಪ ಹಚ್ಚುವ ಹೊತ್ತು, ಅಮ್ಮ ಫೋನಿನಲ್ಲಿ ಹಂಡೆ ತೋರಿಸಿದ್ದಳು. ಸುಣ್ಣದ ಪಟ್ಟೆ, ಕುತ್ತಿಗೆಗೆ ಹಾಗಲಬಳ್ಳಿ, ಬಾಯಿತನಕ ನೀರು. "ಬೋರು ಇನ್ನೂ ಕೈ ಕೊಟ್ಟಿಲ್ಲ ಕಣೋ" ಅಂದಳು. ನಮ್ಮ ಮನೆಯಲ್ಲಿ ಹಬ್ಬದ ಶುಭಾಶಯ ಅಂದರೆ ಇದೇ.

ಕಜ್ಜಾಯ ಮಾಡಲು ಹೋಗಿ ಪಾಕ ಕೆಟ್ಟಿತು. ಒಡೆಯದೆ ಉಳಿದ ಆರನ್ನು ಡಬ್ಬಿಗೆ ಹಾಕಿಕೊಂಡು ಸಂಜೆ ಪಕ್ಕದ ಜಮೀನಿನ ತಾತನ ಮನೆಗೆ ಹೋದೆ. (ಹೆಸರು ಹಿಡಿದೇ ಕೂಗುವ ದೇಶ ಇದು. ಎಂಬತ್ತು ದಾಟಿದವರನ್ನು ಮನಸ್ಸಿನಲ್ಲಾದರೂ ತಾತ ಅನ್ನದಿದ್ದರೆ ನನಗೆ ಸರಿಹೋಗುವುದಿಲ್ಲ.) ಅವರು ಷೆಡ್ಡಿನಲ್ಲಿದ್ದರು. ರೇಡಿಯೊದಲ್ಲಿ ಬೇರ್ಷೆಬಾ ಕದನದ ವಿಷಯ ಬರುತ್ತಿತ್ತು. "ಇವತ್ತೇ ಅಲ್ವಾ" ಎಂದು ಮೊಳೆಯಿಂದ ಒಂದು ಕ್ಯಾನ್ವಾಸ್ ಬಕೆಟ್ ಇಳಿಸಿ ನನ್ನ ಕೈಗೆ ಕೊಟ್ಟರು. ಮಡಚಿದರೆ ರೊಟ್ಟಿಯಷ್ಟು ತೆಳ್ಳಗೆ, ಬಿಡಿಸಿದರೆ ಕೊಡದಷ್ಟು. ಬಟ್ಟೆ ಬಿರುಸಾಗಿ ಹಪ್ಪಳದ ಹಾಗೆ ಸದ್ದು ಮಾಡಿತು. ಅವರ ದೊಡ್ಡಪ್ಪ ಮೊದಲ ಮಹಾಯುದ್ಧದಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದ ಬಕೆಟ್ಟು.

ಆ ದೊಡ್ಡಪ್ಪ 1915ರಲ್ಲಿ ಇಪ್ಪತ್ತೊಂದರ ಹುಡುಗ. ಗೋಧಿ, ಕುರಿ, ಸಾಲ. ಕುದುರೆ ಹತ್ತಿ ತೋರಿಸಿದರೆ ಲೈಟ್ ಹಾರ್ಸ್ ಎಂಬ ಕುದುರೆ ದಂಡಿಗೆ ಸೇರಿಸಿಕೊಳ್ಳುತ್ತಿದ್ದರು. ಸ್ವಂತ ಕುದುರೆ ತಂದು ಅದು ಪಾಸಾದರೆ ಸರ್ಕಾರ ಸುಮಾರು 30 ಪೌಂಡಿಗೆ ಕೊಂಡು, ಮೈಗೆ ಮುದ್ರೆ ಒತ್ತಿ, ಗೊರಸಿಗೆ ನಂಬರು ಹಾಕುತ್ತಿತ್ತು. ಇವರು ಮನೆಯ ಕಂದು ಹೆಣ್ಣುಕುದುರೆಯನ್ನೇ ಕೊಟ್ಟು, ಅದರ ಮೇಲೇ ಕೂತು ಹೋದರು. 12ನೇ ರೆಜಿಮೆಂಟು. ಮೊದಲು ತುರ್ಕಿಯ ಗಲಿಪೊಲಿ, ಅಲ್ಲಿನ ಗುಡ್ಡ, ಕಂದಕಗಳಲ್ಲಿ ಕುದುರೆಗೆ ಕೆಲಸವಿಲ್ಲ, ಕಾಲಾಳುಗಳಾಗಿಯೇ ಕಾದಾಡಿದರು. ಆಮೇಲೆ ಈಜಿಪ್ಟು, ಸಿನಾಯ್, ಮರಳು.

ರಾವುತ ಅಂದರೆ ನಮಗೆ ಕತ್ತಿ ಝಳಪಿಸುವ ಚಿತ್ರ. ಇವರಿಗೆ ಆಗ ಕತ್ತಿಯೇ ಇರಲಿಲ್ಲ. ಕುದುರೆ ಇರುವುದು ಜಾಗ ಮುಟ್ಟಲು. ಮುಟ್ಟಿದ ಮೇಲೆ ಇಳಿದು ಬಂದೂಕು ಹಿಡಿಯಬೇಕು. ನಾಲ್ವರದೊಂದು ತಂಡ. ಮೂವರು ಗುಂಡು ಹಾರಿಸಿದರೆ ನಾಲ್ಕನೆಯವನು ನಾಲ್ಕೂ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು. ದೊಡ್ಡಪ್ಪ ಎಷ್ಟೋ ಸಲ ಆ ನಾಲ್ಕನೆಯವನಂತೆ. ನನಗೆ ಆ ಕೆಲಸವೇ ಹೆಚ್ಚು ಕಷ್ಟ ಅನ್ನಿಸಿತು.

1917ರ ಅಕ್ಟೋಬರ್ 31. ಪ್ಯಾಲೆಸ್ತೀನಿನ ಬೇರ್ಷೆಬಾ ಬಾವಿಗಳ ಊರು. ಬೈಬಲಿನಲ್ಲಿ ಅಬ್ರಹಾಮ ತೋಡಿಸಿದ ಬಾವಿಗೆ ಏಳು ಕುರಿಮರಿ ಸಾಕ್ಷಿ ಇಟ್ಟ ಜಾಗ. ಊರು ತುರ್ಕರ ಕೈಯಲ್ಲಿ. ರಾತ್ರಿಯಿಡೀ ಮರಳುಗಾಡಿನಲ್ಲಿ ನಡೆದು ಬಂದ ಕುದುರೆಗಳಲ್ಲಿ ಹಲವು ನೀರು ಕಂಡು ಒಂದೂವರೆ ದಿನ ದಾಟಿತ್ತು. ಸವಾರ, ಜೀನು, ಗುಂಡು, ಮೇವು ಸೇರಿ ಒಂದೊಂದರ ಬೆನ್ನ ಮೇಲೆ 130 ಕಿಲೋಗೂ ಹೆಚ್ಚು. ಹಗಲಿಡೀ ಕಾದಾಡಿದರೂ ಊರು ಬೀಳಲಿಲ್ಲ. ಕತ್ತಲಾದರೆ ಬಾವಿಯಿಲ್ಲ, ಬಾವಿಯಿಲ್ಲದಿದ್ದರೆ ಸಾವಿರಾರು ಕುದುರೆಗಳನ್ನು ಹಿಂದಕ್ಕೆ ನಡೆಸಬೇಕು. ದಂಡಿನ ಮುಖ್ಯಸ್ಥ ಹ್ಯಾರಿ ಷೋವೆಲ್ ಸಂಜೆ ನಾಲ್ಕೂವರೆಯ ಹೊತ್ತಿಗೆ 4 ಮತ್ತು 12ನೇ ರೆಜಿಮೆಂಟನ್ನು ನೇರ ಬಿಟ್ಟ. ಸುಮಾರು 800 ಸವಾರರು, ಕೈಯಲ್ಲಿ ಬಯೊನೆಟ್ಟನ್ನೇ ಕತ್ತಿಯಂತೆ ಹಿಡಿದು. ಇಳಿದು ಬಂದೂಕು ಹಿಡಿಯುತ್ತಾರೆ ಎಂದು ತುರ್ಕರು ಕಾಯುತ್ತಿದ್ದರೆ ಇವರು ಇಳಿಯಲೇ ಇಲ್ಲ. ದೂರಕ್ಕೆ ಇಟ್ಟ ಗುರಿಯನ್ನು ತಗ್ಗಿಸಲು ಗಾಬರಿಯಲ್ಲಿ ಎಷ್ಟೋ ಜನ ಮರೆತರು. ಗುಂಡು ತಲೆಯ ಮೇಲೆ ಹಾದುಹೋಯಿತು. ಕಂದಕ ಹಾರಿ ಊರು ಹೊಕ್ಕರು. 31 ಜನ ಸತ್ತರು. ಬಾವಿಗಳಿಗೆ ಸಿಡಿಮದ್ದು ಇಟ್ಟಿದ್ದರೂ ಹೆಚ್ಚಿನವು ಉಳಿದವು.

ದೊಡ್ಡಪ್ಪ ಕಂದಕದ ಮಾತೇ ಎತ್ತುತ್ತಿರಲಿಲ್ಲವಂತೆ. ಹೇಳುತ್ತಿದ್ದದ್ದು ಒಂದೇ: ನೀರು ಮುಗಿದ ಮೇಲೂ ಕುದುರೆ ಬಕೆಟ್ಟಿನಿಂದ ಮೂತಿ ತೆಗೆಯಲಿಲ್ಲ, ಬಟ್ಟೆ ಚೀಪುತ್ತಿತ್ತು ಎಂದು. ತಾತ ಬಕೆಟ್ಟಿನ ಬುಡ ತೋರಿಸಿದರು. ಒಂದು ಕಡೆ ನೂಲು ಎದ್ದಿದೆ. ಆ ಹಲ್ಲಿನದೇ ಅಂತ ಅವರ ನಂಬಿಕೆ. ನಾನು ತಲೆಯಾಡಿಸಿದೆ.

"ಚರಿತ್ರೆಯ ಕೊನೆಯ ದೊಡ್ಡ ಕುದುರೆ ದಾಳಿ" ಎಂದು ರೇಡಿಯೊದವನು ಅಂದಾಗ ಮಾತ್ರ ಸುಮ್ಮನಿರಲಾಗಲಿಲ್ಲ. ಮರುವರ್ಷ ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ನುಗ್ಗಿ ಊರು ಹಿಡಿದರಲ್ಲ, ಅದೇನು ಜಂಬೂಸವಾರಿಯಾ? ಅವರೂ ಇದೇ ಷೋವೆಲ್‌ನ ದಂಡಿನವರೇ. ತಾತನಿಗೆ ಹೇಳಿದೆ. "ನಿಮ್ಮೂರಿನವರಾ?" ಎಂದು ಎರಡು ಸಲ ಕೇಳಿ ರೇಡಿಯೊ ಆರಿಸಿದರು.

ಕುದುರೆ ಏನಾಯಿತು ಎಂದು ಕೇಳಬಾರದಿತ್ತೇನೋ, ಕೇಳಿದೆ. ಆ ಯುದ್ಧಕ್ಕೆ ಈ ದೇಶದಿಂದ ಹೋದ ಕುದುರೆಗಳು ಸುಮಾರು 1,36,000. ವಾಪಸ್ ಬಂದದ್ದು ಒಂದು, ಗಲಿಪೊಲಿಯಲ್ಲಿ ಗುಂಡೇಟು ತಿಂದು ಸತ್ತ ಜನರಲ್ ಬ್ರಿಜಸ್‌ರದ್ದು. ರೋಗ ಬಂದೀತೆಂದು ಉಳಿದವನ್ನು ಒಳಗೆ ಬಿಡಲಿಲ್ಲ. ಕೊನೆಗೆ ಮಿಕ್ಕಿದ 13,000ದಲ್ಲಿ ಮುದಿ, ಕುಂಟು ಎಂದು 2,000ವನ್ನು ತೆಗೆದುಹಾಕಿದರು, 11,000 ಮಾರಿದರು. ದೊಡ್ಡಪ್ಪನದು ಮಾರಾಟದ ಸಾಲಿನಲ್ಲಿತ್ತು. ಜೀನು ಬಿಚ್ಚಿ ಒಪ್ಪಿಸಿದರು, ಬಕೆಟ್ ಒಪ್ಪಿಸಲಿಲ್ಲ. ಲೆಕ್ಕದ ಪ್ರಕಾರ ಅದು ಕಳ್ಳಮಾಲು, ಎಂದು ತಾತ ನಕ್ಕರು.

"ಮಾರಿದವುಗಳಲ್ಲಿ ಬಹಳಷ್ಟು ಇಂಡಿಯಾದ ಸೈನ್ಯಕ್ಕೇ ಹೋದವು" ಎಂದೆ. ಆಸ್ಟ್ರೇಲಿಯದ ಕುದುರೆಗಳು ಮದ್ರಾಸಿನಲ್ಲಿ ಇಳಿಯುತ್ತಿದ್ದದ್ದು ನೂರು ವರ್ಷದ ವ್ಯಾಪಾರ. ನ್ಯೂ ಸೌತ್ ವೇಲ್ಸ್‌ನಿಂದ ಬಂದವು ಎಂದು ಅವಕ್ಕೆ ವೇಲರ್ ಎಂಬ ಹೆಸರು ಬಿದ್ದದ್ದೇ ನಮ್ಮ ಕಡೆ.

ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಲ್ಲಿ ಕುದುರೆಗೆ ಏನು ಹಾಕುತ್ತಾರೆ?"

"ಹುರುಳಿ. ಬೇಯಿಸಿ, ಆರಿಸಿ."

"ನೀರು?"

"ಮೊದಲು ನೀರು, ಆಮೇಲೆ ಹುರುಳಿ."

ಬಕೆಟ್ಟನ್ನು ಮಡಚಿ ಮೊಳೆಗೆ ಹಾಕಿ, ಕಜ್ಜಾಯದ ಡಬ್ಬಿ ತೆಗೆದರು. ಗಟ್ಟಿಯಾಗಿದೆ ಅಂದರು.