ಸರಕು ನಿಜವಾಗಿಯೂ ಇದೆಯಾ?

ಮುಂಬೈನಲ್ಲಿ ಆಡಿಟ್ ನನ್ನ ಕೆಲಸ. ವರ್ಷದ ಕೊನೆಗೆ ಭಿವಂಡಿಯ ಗೋಡೌನ್‌ಗಳಲ್ಲಿ ಸ್ಟಾಕ್ ಎಣಿಸುವಾಗ ನಾವು ಹಾಜರಿರಬೇಕು. ಪುಸ್ತಕದಲ್ಲಿ ಬರೆದ ಸರಕು ನೆಲದ ಮೇಲೂ ಇದೆಯಾ? ಅಷ್ಟೇ ಪ್ರಶ್ನೆ. ಧಾರವಾಡದಿಂದ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿ.ಎ. ತರಬೇತಿಗೆ ಬಂದ ಹುಡುಗ ಮೂಟೆಗಳ ನಡುವೆ ನಿಂತು ಕೇಳಿದ: "ಸರ್, ಮೂಟಿ ಅದ ಇಲ್ಲೋ ಅಂತ ಮುಟ್ಟಿ ನೋಡ್ತೀವಿ. ಜಗತ್ತ ಅದ ಇಲ್ಲೋ ಅಂತ ಹ್ಯಾಂಗ್ ನೋಡೋದ್ರಿ?" ಚಹಾ ಜಾಸ್ತಿ ಆಗಿತ್ತೋ ಏನೋ.

ಮುಟ್ಟುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. 1963ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸೋಯಾ ಎಣ್ಣೆಯ ದೊಡ್ಡ ಮೋಸ ಬಯಲಾಯಿತು. ಟ್ಯಾಂಕ್ ತುಂಬ ನೀರು, ಮೇಲೆ ತೇಲುವಷ್ಟು ಎಣ್ಣೆ. ಮೇಲಿಂದ ಪರೀಕ್ಷೆ ಮಾಡಿದವರಿಗೆ ಸಿಕ್ಕಿದ ಎಣ್ಣೆ ನಿಜವೇ. ಕೆಳಗೂ ಎಣ್ಣೆಯೇ ಇದೆ ಅಂದುಕೊಂಡದ್ದು ಸುಳ್ಳು.

ಹಾಗಾದರೆ ಏನನ್ನು ನಂಬುತ್ತೇವೆ? ಒಬ್ಬರಿಗೊಬ್ಬರು ಗೊತ್ತಿಲ್ಲದವರ ಕಾಗದಗಳು ಒಂದೇ ಮಾತು ಹೇಳಬೇಕು. ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ, ಸರಕು ಸಾಗಿಸಿದ ಲಾರಿಯವರು ಕೊಡುವ ಬಿಲ್ಟಿ, ಗೇಟ್ ರಿಜಿಸ್ಟರ್. ಇನ್ನೊಂದಿದೆ, ನನಗೆ ಅದೇ ಮುಖ್ಯ. ನಿಜವಾದ ಸರಕು ಪುಸ್ತಕದ ಮಾತು ಕೇಳುವುದಿಲ್ಲ. ಒಂದಿಷ್ಟು ಮೂಟೆ ಒದ್ದೆಯಾಗಿರುತ್ತವೆ, ಕೆಲವನ್ನು ಇಲಿ ಕಡಿದಿರುತ್ತದೆ, ರಿಜಿಸ್ಟರ್‌ನಲ್ಲಿ ಇಲ್ಲದ್ದು ಮೂಲೆಯಲ್ಲಿ ಸಿಗುತ್ತದೆ. ಲೆಕ್ಕಕ್ಕೆ ಚಾಚೂ ತಪ್ಪದೆ ಕೂಡುವ ಗೋಡೌನ್ ಕಂಡರೆ ಇನ್ನೊಮ್ಮೆ ಎಣಿಸಿ ಅನ್ನುತ್ತೇನೆ. ಜಗತ್ತು ಬರೀ ನನ್ನ ತಲೆಯೊಳಗಿನದಾದರೆ, ನಾನು ಯೋಚಿಸಿಯೇ ಇರದ ಇಲಿ ಎಲ್ಲಿಂದ ಬಂತು?

"ಕನಸಿನಾಗೂ ಇಲಿ ಬರ್ತಾವಲ್ರೀ?" ಹುಡುಗ ಬಿಡಲಿಲ್ಲ.

ಬರುತ್ತವೆ. ಶಂಕರಾಚಾರ್ಯರು ಜಗತ್ತು ಸುಳ್ಳು ಅಂದರು ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಆದರೆ ಹೊರಗೆ ವಸ್ತುವೇ ಇಲ್ಲ, ಇರುವುದು ಅರಿವು ಮಾತ್ರ ಅನ್ನುವ ಬೌದ್ಧರ ವಾದವನ್ನು ಬ್ರಹ್ಮಸೂತ್ರ ಭಾಷ್ಯದಲ್ಲಿ ಅವರೇ ತಳ್ಳಿಹಾಕಿದ್ದಾರೆ. ಕನಸಲ್ಲಿ ಕಂಡದ್ದು ಎದ್ದ ಮೇಲೆ ಸುಳ್ಳಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗುವುದಿಲ್ಲ ಅನ್ನುವುದು ಅವರ ಉತ್ತರ. ಉಡುಪಿಯವನಾದ ನನಗೆ ಮಧ್ವಾಚಾರ್ಯರೇ ಇನ್ನೂ ಹತ್ತಿರ. ಅವರ ಪ್ರಕಾರ ಜಗತ್ತು ಸತ್ಯ, ಮುಗಿಯಿತು.

ಆದರೂ ಎಲ್ಲವೂ ಒಂದು ಉದ್ದನೆಯ ಕನಸು, ಆ ಚೀಟಿಗಳೂ ಅದರೊಳಗೇ ಅಂತ ಯಾರಾದರೂ ಹಠ ಹಿಡಿದರೆ ನನ್ನ ಬಳಿ ಉತ್ತರವಿಲ್ಲ. ಯಾವ ಚೀಟಿಯೂ ಅಲ್ಲಿಗೆ ಮುಟ್ಟುವುದಿಲ್ಲ. ಆಡಿಟ್ ನಿಯಮವೂ ನೂರಕ್ಕೆ ನೂರು ಖಾತರಿ ಕೇಳುವುದಿಲ್ಲ, 'ರೀಸನೆಬಲ್ ಅಶ್ಯೂರೆನ್ಸ್', ಅಂದರೆ ನಂಬಲು ಸಾಕಾಗುವಷ್ಟು ಭರವಸೆ ಇದ್ದರೆ ಸಾಕು ಅನ್ನುತ್ತದೆ. ಹುಡುಗನಿಗೆ ಇದನ್ನು ಹೇಳಿ, ರಿಜಿಸ್ಟರ್ ಮುಚ್ಚಿಡು, ನೆಲದ ಮೇಲಿರುವುದನ್ನು ಮೊದಲು ಬರೆದುಕೋ, ಆಮೇಲೆ ಪುಸ್ತಕದಲ್ಲಿ ಹುಡುಕು ಅಂದೆ.